ನಿಮ್ಮ ಮೆಚ್ಚಿನ ಪೊಕೆಮಾನ್ ಕಾಲ ಯಾವುದು? ಆರಿಸಿಕೊಳ್ಳಲು ಹತ್ತು ಸೂತ್ರಗಳು

ಪೊಕೆಮಾನ್ ಆಡುವ ನಾಲ್ಕು ಜನ ಸೇರಿದ ಕಡೆ ‘ಯಾವ ಜೆನ್ (ತಲೆಮಾರು) ಬೆಸ್ಟ್?’ ಎಂದು ಕೇಳಿ ನೋಡಿ. ಚರ್ಚೆ ಅರ್ಧ ಗಂಟೆಯಲ್ಲಿ ಮುಗಿದರೆ ಪುಣ್ಯ. ಒಬ್ಬರಿಗೆ ಕಪ್ಪು-ಬಿಳುಪು ಗೇಮ್ ಬಾಯ್ ಕಾಲವೇ ಸ್ವರ್ಗ. ಇನ್ನೊಬ್ಬರಿಗೆ ಸ್ವಿಚ್ ಕನ್ಸೋಲ್ ಬರುವ ಮುಂಚಿನದ್ದೆಲ್ಲ ಪಳೆಯುಳಿಕೆ. ಹೆಚ್ಚಿನವರು ಕೊಡುವ ಕಾರಣವಂತೂ ಒಂದೇ: ‘ನಾನು ಮೊದಲು ಆಡಿದ್ದು ಅದು.’ ಅದು ಕಾರಣವಲ್ಲ, ಹುಟ್ಟಿದ ವರ್ಷದ ಮಾಹಿತಿ ಅಷ್ಟೇ. ಆಟ ಕೈಯಲ್ಲಿದ್ದಾಗ ನಿಮಗೆ ನಿಜವಾಗಿ ಏನು ಖುಷಿ ಕೊಡುತ್ತದೆ ಎಂಬುದರ ಮೇಲೆ ಮೆಚ್ಚಿನ ಕಾಲ ನಿರ್ಧಾರವಾಗಬೇಕು. ಅದನ್ನು ಕಂಡುಕೊಳ್ಳುವ ದಾರಿ ಇಲ್ಲಿದೆ.

1. ಮೊದಲು ಇಡೀ ಸರಣಿಯ ನಕ್ಷೆ ತಿಳಿದುಕೊಳ್ಳಿ

ನೋಡದ ಊರನ್ನು ಬಯ್ಯಬಾರದು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಬಂದವು. ಬಾಲ್ಯದಲ್ಲಿ ಹುಳ ಹಿಡಿದು ಕೂಡಿಡುವ ಹುಚ್ಚಿದ್ದ ಸತೋಶಿ ತಾಜಿರಿ ಅವರ ಗೇಮ್ ಫ್ರೀಕ್ ಸಂಸ್ಥೆ ಮಾಡಿದ ಆಟ ಅದು. ಆಗ ಇದ್ದ ಜೀವಿಗಳು 151. 1999ರಲ್ಲಿ ಗೋಲ್ಡ್-ಸಿಲ್ವರ್, 2002ರಲ್ಲಿ ರೂಬಿ-ಸಫೈರ್, 2006ರಲ್ಲಿ ಡೈಮಂಡ್-ಪರ್ಲ್, 2010ರಲ್ಲಿ ಬ್ಲ್ಯಾಕ್-ವೈಟ್, 2013ರಲ್ಲಿ ಎಕ್ಸ್-ವೈ, 2016ರಲ್ಲಿ ಸನ್-ಮೂನ್, 2019ರಲ್ಲಿ ಸ್ವೋರ್ಡ್-ಶೀಲ್ಡ್, 2022ರಲ್ಲಿ ಸ್ಕಾರ್ಲೆಟ್-ವಯೊಲೆಟ್ ಬಂದವು. ಒಟ್ಟು ಒಂಬತ್ತು ತಲೆಮಾರು, ಸಾವಿರ ದಾಟಿದ ಜೀವಿಗಳು. ಎಲ್ಲವನ್ನೂ ಮುಗಿಸಬೇಕಿಲ್ಲ. ಆದರೆ ಹಳೆಯದೊಂದು, ನಡುಗಾಲದ್ದೊಂದು, ಹೊಸದೊಂದು, ಹೀಗೆ ಮೂರನ್ನಾದರೂ ಆಡದೆ ತೀರ್ಪು ಕೊಡಬೇಡಿ.

2. ಬಾಲ್ಯಕ್ಕೆ ಒಂದೇ ಓಟು ಕೊಡಿ

ನೆನಪು ಓಟು ಹಾಕಲಿ, ಬೇಡ ಎನ್ನುವವರಾರು? ಆದರೆ ಇಡೀ ಚುನಾವಣೆಯನ್ನು ಅದರ ಕೈಗೆ ಕೊಡಬೇಡಿ. ನಮ್ಮಲ್ಲಿ ಬಹಳ ಮಂದಿಗೆ ಪೊಕೆಮಾನ್ ಪರಿಚಯವಾದದ್ದು ಆಟದಿಂದಲ್ಲ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಶಾಲೆ ಬಿಟ್ಟ ಮೇಲೆ ನೋಡಿದ ಧಾರಾವಾಹಿಯಿಂದ, ಚಿಪ್ಸ್ ಪೊಟ್ಟಣದ ಟಾಜೋಗಳಿಂದ. ಇನ್ನು ಕೆಲವರಿಗೆ 2016ರ ಪೊಕೆಮಾನ್ ಗೋದಿಂದ. ಹಾಗಾಗಿ ‘ಕ್ಯಾಂಟೋ (ಮೊದಲ ಆಟಗಳ ಪ್ರದೇಶ) ಕಾಲ ನನಗೆ ಪ್ರಾಣ’ ಎನ್ನುವವರು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಲಿ: ನನಗೆ ಇಷ್ಟವಾದದ್ದು ರೆಡ್ ಆಟವೋ, ಟಿವಿಯಲ್ಲಿ ಬಂದ ಆ್ಯಶ್‌ನ ಕಥೆಯೋ? ರೆಡ್ ಆಟದಲ್ಲಿ ಆ್ಯಶ್ ಇಲ್ಲ, ಬೆನ್ನ ಹಿಂದೆ ನಡೆದು ಬರುವ ಪಿಕಾಚೂವೂ ಇಲ್ಲ. ಧಾರಾವಾಹಿ ಗೆದ್ದ ಮೇಲೆ ಅದನ್ನು ನೋಡಿಕೊಂಡು ಮಾಡಿದ ಯೆಲ್ಲೋ ಆವೃತ್ತಿಯಲ್ಲಿ ಮಾತ್ರ ಆ ಪಿಕಾಚೂ ಸಿಗುತ್ತದೆ. ಎರಡು ಪ್ರೀತಿಯೂ ಸರಿಯೇ, ಖಾತೆ ಮಾತ್ರ ಬೇರೆ ಬೇರೆ ಇಡಿ.

3. ನೀವು ಯಾವ ಜಾತಿಯ ಆಟಗಾರ ಎಂದು ಗೊತ್ತುಮಾಡಿಕೊಳ್ಳಿ

ಸ್ಥೂಲವಾಗಿ ನಾಲ್ಕು ಬಗೆ: ಕೂಡಿಡುವವರು, ಕಾದಾಡುವವರು, ಕಥೆ ಕೇಳುವವರು, ಸುಮ್ಮನೆ ಅಲೆಯುವವರು. ಆಟ ಮುಗಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದರಲ್ಲಿ ಉತ್ತರವಿದೆ. ಪೊಕೆಡೆಕ್ಸ್ ತುಂಬಿಸಲು ಕೂತರೆ ನೀವು ಮೊದಲನೆಯವರು. ಮೊಟ್ಟೆ ಒಡೆಸಿ ಒಡೆಸಿ ಸರಿಯಾದ ನೇಚರ್ ಬರುವವರೆಗೆ ಬಿಡದಿದ್ದರೆ ಎರಡನೆಯವರು. ತೆರೆಯ ಮೇಲೆ ಹೆಸರುಗಳು ಬಂದ ಕೂಡಲೇ ಕನ್ಸೋಲ್ ಆರಿಸಿದರೆ ಮೂರನೆಯವರು. ಗುಹೆಯ ಮೂಲೆಯಲ್ಲಿ ಬಿಟ್ಟುಹೋದ ಐಟಂ ಹುಡುಕಲು ವಾಪಸ್ ಹೋದರೆ ನಾಲ್ಕನೆಯವರು. ಮುಂದಿನ ಸೂತ್ರಗಳನ್ನು ಈ ಉತ್ತರ ಕೈಯಲ್ಲಿಟ್ಟುಕೊಂಡು ಓದಿ.

4. ಕಾದಾಡುವವರು 2006ರ ಗೆರೆಯನ್ನು ನೋಡಿ

ಈ ಒಂದು ಬದಲಾವಣೆ ಗೊತ್ತಿದ್ದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ. ಮೊದಲ ಮೂರು ತಲೆಮಾರಿನಲ್ಲಿ ಒಂದು ಏಟು ಫಿಸಿಕಲ್ಲೋ ಸ್ಪೆಷಲ್ಲೋ ಎಂಬುದನ್ನು ಅದರ ಟೈಪ್ ತೀರ್ಮಾನಿಸುತ್ತಿತ್ತು. ಬೆಂಕಿ, ನೀರು, ಮಂಜು, ವಿದ್ಯುತ್ ಎಲ್ಲವೂ ಸ್ಪೆಷಲ್.

ಹಿಟ್‌ಮಾನ್‌ಚಾನ್‌ನ ಕಷ್ಟ ನೋಡಿ. ಕೈಗೆ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡ ಪಕ್ಕಾ ಪೈಲ್ವಾನ್. ಫೈರ್ ಪಂಚ್, ಐಸ್ ಪಂಚ್, ಥಂಡರ್ ಪಂಚ್ ಮೂರೂ ಅವನ ವಿದ್ಯೆ. ಅವನ ಅಟ್ಯಾಕ್ 105. ಆದರೆ ಆ ಮೂರು ಗುದ್ದಿನ ಬಲವನ್ನು ಆಟ ಲೆಕ್ಕ ಹಾಕುತ್ತಿದ್ದದ್ದು ಸ್ಪೆಷಲ್‌ನಿಂದ. ಅದು ಬರೀ 35! ಮುಷ್ಟಿ ಬಿಗಿದು ಗುದ್ದಿದರೂ ಎದುರಾಳಿಗೆ ಸೊಳ್ಳೆ ಕಚ್ಚಿದಷ್ಟೇ. ಡೈಮಂಡ್-ಪರ್ಲ್ ಬಂದು ಪ್ರತಿ ಏಟಿಗೂ ಬೇರೆ ಬೇರೆಯಾಗಿ ಫಿಸಿಕಲ್ ಅಥವಾ ಸ್ಪೆಷಲ್ ಎಂದು ಮುದ್ರೆ ಒತ್ತಿದ ಮೇಲೆ ಆ ಗುದ್ದುಗಳಿಗೆ 105ರ ಬಲ ಸಿಕ್ಕಿತು. ಗ್ಯಾರಡಾಸ್‌ಗೂ ಇದೇ ಭಾಗ್ಯ: ಅದರ ದೈತ್ಯ ಅಟ್ಯಾಕ್‌ಗೆ ತಕ್ಕ ವಾಟರ್‌ಫಾಲ್ ದೊರಕಿದ್ದು ಆಗಲೇ.

ಎಬಿಲಿಟಿ, ನೇಚರ್, ಡಬಲ್ ಬ್ಯಾಟಲ್ ಇವೆಲ್ಲ 2002ರ ಕೊಡುಗೆ. ಮೆಗಾ ಎವಲ್ಯೂಷನ್ ಮತ್ತು ಫೇರಿ ಟೈಪ್ 2013ರವು. ಹಾಗಾಗಿ ಲೆಕ್ಕಾಚಾರದ ಕಾದಾಟವೇ ನಿಮ್ಮ ಜೀವಾಳವಾದರೆ ನಾಲ್ಕನೆಯ ತಲೆಮಾರಿನಿಂದ ಈಚೆಗೆ ಹುಡುಕಿ. ಅದಕ್ಕೂ ಹಿಂದಿನದು ಇಷ್ಟವಾದರೆ, ಇಷ್ಟವಾದದ್ದು ಕಾದಾಟವಲ್ಲ, ಇನ್ನೇನೋ.

5. ಕಥೆ ಬೇಕಾದವರು ಯುನೋವಾಗೆ ಹೋಗಿ

ನ್ಯೂಯಾರ್ಕ್ ಸುತ್ತಮುತ್ತಲ ನೆಲವನ್ನು ಮಾದರಿ ಮಾಡಿಕೊಂಡ ಯುನೋವಾ ಪ್ರದೇಶದಲ್ಲಿ ನಡೆಯುವ ಬ್ಲ್ಯಾಕ್-ವೈಟ್, ಸರಣಿ ತನ್ನನ್ನೇ ಪ್ರಶ್ನಿಸಿಕೊಂಡ ಆಟ. ಪೊಕೆಮಾನ್‌ಗಳನ್ನು ಚೆಂಡಿನಲ್ಲಿ ಕೂಡಿಹಾಕಿ ಕಾದಾಡಿಸುವುದು ನ್ಯಾಯವೇ? ಟೀಮ್ ಪ್ಲಾಸ್ಮಾ ಎಂಬ ಗುಂಪು ಊರ ನಡುವೆ ನಿಂತು ಇದನ್ನೇ ಭಾಷಣ ಮಾಡುತ್ತದೆ. ಅಲ್ಲೇ ಎದುರಾಗುವ ಎನ್ ಎಂಬ ಯುವಕ, ನಿಮ್ಮ ಪೊಕೆಮಾನ್ ಮಾತಾಡುವುದು ತನಗೆ ಕೇಳಿಸುತ್ತದೆ ಎನ್ನುತ್ತಾನೆ. ಅವನು ಖಳನಾಯಕನಲ್ಲ, ನಂಬಿದ್ದನ್ನು ಪ್ರಾಮಾಣಿಕವಾಗಿ ನಂಬಿದವನು. ಆ ನಂಬಿಕೆಯನ್ನು ಅವನ ತಲೆಗೆ ತುಂಬಿದ ಗೆಟ್ಸಿಸ್‌ನ ಬಣ್ಣ ಬಯಲಾಗುವುದು ಕೊನೆಯಲ್ಲಿ. ಎರಡು ವರ್ಷದ ನಂತರ ಬಂದ ಬ್ಲ್ಯಾಕ್ 2, ವೈಟ್ 2 ಅದೇ ಕಥೆಯನ್ನು ಮುಂದುವರಿಸಿದವು. ಮುಖ್ಯ ಸರಣಿಯ ಆಟಕ್ಕೆ ಹೆಸರಲ್ಲೇ ‘2’ ಸೇರಿಸಿ ಎರಡನೆಯ ಭಾಗ ಬಂದದ್ದು ಅದೇ ಮೊದಲು.

6. ಅಲೆಯುವವರು ನಕ್ಷೆಯ ಅಗಲ ನೋಡಿ ಮರುಳಾಗಬೇಡಿ

ದೊಡ್ಡ ಬಯಲು ಬೇಕೆಂದರೆ ಸ್ಕಾರ್ಲೆಟ್-ವಯೊಲೆಟ್ ಇದೆ. ಜಿಮ್‌ಗಳನ್ನು ಯಾವ ಕ್ರಮದಲ್ಲಾದರೂ ಎದುರಿಸಬಹುದು. ಹುಲ್ಲಿನಲ್ಲಿ ಬಗ್ಗಿ ಕೂತು, ಹಿಂದಿನಿಂದ ಚೆಂಡೆಸೆದು ಕಾದಾಟವಿಲ್ಲದೆ ಹಿಡಿಯುವ ರೋಮಾಂಚನ ಬೇಕಿದ್ದರೆ 2022ರ ಜನವರಿಯಲ್ಲಿ ಬಂದ ಲೆಜೆಂಡ್ಸ್: ಆರ್ಸಿಯಸ್ ಆಡಿ. ಆದರೆ 1999ರ ಗೋಲ್ಡ್-ಸಿಲ್ವರ್ ಮಾಡಿದ ಮೋಡಿಯನ್ನು ಮರೆಯಬೇಡಿ. ಜೋಟೋದ ಎಂಟು ಬ್ಯಾಡ್ಜ್ ಗೆದ್ದು, ಲೀಗ್ ಮುಗಿಸಿ, ಇನ್ನೇನು ಆಟ ಮುಗಿಯಿತು ಎನ್ನುವಾಗ ಹಳೆಯ ಕ್ಯಾಂಟೋ ಪ್ರದೇಶದ ಬಾಗಿಲು ತೆರೆಯುತ್ತದೆ. ಮತ್ತೆ ಎಂಟು ಬ್ಯಾಡ್ಜ್. ಕಡೆಗೆ ಸಿಲ್ವರ್ ಪರ್ವತದ ಒಳಗೆ, ಒಂದು ಮಾತೂ ಆಡದೆ ಎದುರು ನಿಲ್ಲುವವನು ಮೊದಲ ಆಟದ ನಾಯಕ ರೆಡ್. ರಾತ್ರಿ ಮಾತ್ರ ಸಿಗುವ ಜೀವಿಗಳು, ಗಡಿಯಾರದ ಜತೆ ಬದಲಾಗುವ ಬೆಳಕು ಕೂಡ ಅಲ್ಲಿಂದಲೇ ಶುರು. ಜಾಗ ಚಿಕ್ಕದಾದರೂ ಆಶ್ಚರ್ಯ ದೊಡ್ಡದಿರಬಹುದು.

7. ಕಿರಿಕಿರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ನೆನಪು ಒಳ್ಳೆಯದನ್ನು ಮಾತ್ರ ಜೋಪಾನ ಮಾಡುತ್ತದೆ. ರೆಡ್‌ನಲ್ಲಿ ಚೀಲಕ್ಕೆ ಹಿಡಿಸುವುದು 20 ಬಗೆಯ ವಸ್ತು ಮಾತ್ರ. ಬಾಕ್ಸ್ ತುಂಬಿದರೆ ಕಂಪ್ಯೂಟರ್ ಮುಂದೆ ಹೋಗಿ ನೀವೇ ಇನ್ನೊಂದಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಮುಂದಿನದನ್ನು ಹಿಡಿಯಲಾಗದು. ಓಡಲು ಶೂ ಸಿಕ್ಕಿದ್ದೇ ಮೂರನೆಯ ತಲೆಮಾರಿನಲ್ಲಿ. ಗಿಡ ಕಡಿಯಲು, ನೀರು ದಾಟಲು ತಂಡದ ಒಬ್ಬ ಸದಸ್ಯನನ್ನು ಎಚ್‌ಎಂ ಕೂಲಿಗೆ ಮೀಸಲಿಡುವ ಕಾಟ ತಪ್ಪಿದ್ದು ಸನ್-ಮೂನ್‌ನಲ್ಲಿ.

ಹೊಸ ಕಾಲಕ್ಕೂ ಅದರದೇ ಕಾಟಗಳಿವೆ. ಎಕ್ಸ್-ವೈಯಲ್ಲಿ ಇಡೀ ತಂಡಕ್ಕೆ ಅನುಭವ ಹಂಚುವ ಎಕ್ಸ್‌ಪಿ ಶೇರ್ ಅನ್ನು ಬೇಡವೆಂದರೆ ಆರಿಸಬಹುದಿತ್ತು. ಸ್ವೋರ್ಡ್-ಶೀಲ್ಡ್‌ನಿಂದ ಆ ಸ್ವಿಚ್ಚೇ ಇಲ್ಲ. ಜತೆಗೆ, ಹಳೆಯ ಪೊಕೆಮಾನ್‌ಗಳೆಲ್ಲವನ್ನೂ ತರಲಾಗದು ಎಂಬ ಅಸಮಾಧಾನವೂ ಆ ಆಟಗಳ ಮೇಲಿದೆ. ಸ್ಕಾರ್ಲೆಟ್-ವಯೊಲೆಟ್ ಬಿಡುಗಡೆಯಾದಾಗ ಚಿತ್ರ ತಡವರಿಸುತ್ತಿದ್ದದ್ದು ಜಗಜ್ಜಾಹೀರು. ಯಾವ ಕಾಲದ ಕಿರಿಕಿರಿಯನ್ನು ನೀವು ನಗುತ್ತಾ ಸಹಿಸುತ್ತೀರೋ ಆ ಕಾಲದ ಕಡೆ ಒಂದು ಗೆರೆ ಎಳೆದಿಡಿ.

8. ಒಂದೇ ಕಾಲದ ಆವೃತ್ತಿಗಳನ್ನು ಒಂದೇ ಚೀಲಕ್ಕೆ ತುಂಬಬೇಡಿ

‘ನನಗೆ ಸಿನ್ನೋ ಇಷ್ಟವಿಲ್ಲ’ ಎನ್ನುವವರು ಆಡಿದ್ದು ಯಾವುದು? ಡೈಮಂಡೋ, ಪ್ಲಾಟಿನಮ್ಮೋ? ಡೈಮಂಡ್-ಪರ್ಲ್‌ನ ಪ್ರಾದೇಶಿಕ ಡೆಕ್ಸ್‌ನಲ್ಲಿ ಬೆಂಕಿ ಟೈಪಿನ ಕುಟುಂಬಗಳು ಎರಡೇ: ಚಿಮ್‌ಚಾರ್ ಮತ್ತು ಪೊನೀಟಾ. ಅದರ ಪರಿಣಾಮ ಎಷ್ಟು ಮೋಜಿನದೆಂದರೆ, ಬೆಂಕಿಯ ಪರಿಣತ ಎನಿಸಿಕೊಂಡ ಎಲೈಟ್ ಫೋರ್‌ನ ಫ್ಲಿಂಟ್ ತನ್ನ ಐವರ ತಂಡದಲ್ಲಿ ಸ್ಟೀಲಿಕ್ಸ್, ಡ್ರಿಫ್‌ಬ್ಲಿಮ್, ಲೊಪನಿ ಇಟ್ಟುಕೊಂಡು ಕೂತಿದ್ದ. 2008ರ ಪ್ಲಾಟಿನಂ ಆಟದ ನಿಧಾನಗತಿಯನ್ನು ಚುರುಕು ಮಾಡಿತು, ಫ್ಲಿಂಟ್‌ಗೆ ಹೌಂಡೂಮ್, ಫ್ಲೇರಿಯಾನ್, ಮ್ಯಾಗ್‌ಮಾರ್ಟರ್ ಕೊಟ್ಟು ಮರ್ಯಾದೆ ಉಳಿಸಿತು. ರೂಬಿಗೂ ಎಮೆರಾಲ್ಡ್‌ಗೂ, ಗೋಲ್ಡ್‌ಗೂ ಅದನ್ನೇ 2009ರಲ್ಲಿ ಹೊಸದಾಗಿ ಮಾಡಿದ ಹಾರ್ಟ್‌ಗೋಲ್ಡ್‌ಗೂ ಇದೇ ಥರದ ಅಂತರವಿದೆ. ಕಾಲ ಹೇಳಿದರೆ ಸಾಲದು, ಆವೃತ್ತಿಯ ಹೆಸರನ್ನೂ ಹೇಳಿ.

9. ಹಳೆಯದಕ್ಕೊಂದು ನ್ಯಾಯ, ಹೊಸದಕ್ಕೊಂದು ನ್ಯಾಯ ಬೇಡ

ಐದನೆಯ ತಲೆಮಾರಿನ ವ್ಯಾನಿಲೈಟ್ ಐಸ್‌ಕ್ರೀಮಿನ ಹಾಗಿದೆ, ಟ್ರಬಿಷ್ ಕಸದ ಚೀಲ ಎಂದು ಮೂಗು ಮುರಿಯುವವರಿದ್ದಾರೆ. ಸರಿ, ಮೊದಲ ತಲೆಮಾರಿನ ವೋಲ್ಟಾರ್ಬ್ ಏನು? ಪೊಕೆಬಾಲ್‌ಗೇ ಎರಡು ಕಣ್ಣು. ಗ್ರೈಮರ್? ಕೊಳಚೆಯ ಮುದ್ದೆ. ಡಿಗ್ಲೆಟ್ ಮೂರು ಸೇರಿದರೆ ಡಗ್‌ಟ್ರಿಯೊ! ಚಿಕ್ಕಂದಿನಲ್ಲಿ ಕಂಡಿದ್ದು ಮುದ್ದು, ದೊಡ್ಡವರಾದ ಮೇಲೆ ಕಂಡಿದ್ದು ಪೆದ್ದು ಎಂಬ ತಕ್ಕಡಿಯನ್ನು ಮೊದಲು ಮೂಲೆಗಿಡಿ. ಬೇಕಿದ್ದರೆ ಪ್ರತಿ ತಲೆಮಾರಿನಿಂದ ನಿಮಗೆ ತೀರಾ ಇಷ್ಟವಾದ ಆರು ಜೀವಿಗಳ ಪಟ್ಟಿ ಮಾಡಿ. ಆರು ತುಂಬಲು ಎಲ್ಲಿ ಒದ್ದಾಡುತ್ತೀರಿ, ಎಲ್ಲಿ ಆರಕ್ಕೆ ಇಳಿಸಲು ಒದ್ದಾಡುತ್ತೀರಿ ಎಂಬುದರಲ್ಲೇ ಉತ್ತರ ಗೊತ್ತಾಗುತ್ತದೆ.

10. ಇವತ್ತು ಮತ್ತೆ ಆಡಿ ನೋಡಿ, ತಡ ಮಾಡಬೇಡಿ

ಕೊನೆಯ ಪರೀಕ್ಷೆ ಇದು: ಹೊಸ ಸೇವ್ ಮಾಡಿ ಮೂರನೆಯ ಬ್ಯಾಡ್ಜ್‌ವರೆಗೆ ಆಡಿ. ಗೋಲ್ಡ್ ಆದರೆ ಆ ಬ್ಯಾಡ್ಜ್ ಗೋಲ್ಡನ್‌ರಾಡ್ ನಗರದ ವಿಟ್ನಿಯದು. ಅವಳ ಮಿಲ್‌ಟ್ಯಾಂಕ್ ಹಸು ಉರುಳಲು ಶುರುಮಾಡಿತೆಂದರೆ ರೋಲ್‌ಔಟ್‌ನ ಪ್ರತಿ ಉರುಳಿಗೂ ಪೆಟ್ಟು ಇಮ್ಮಡಿ. ಗಾಯವಾದರೆ ಹಾಲು ಕುಡಿದು ಸುಧಾರಿಸಿಕೊಳ್ಳುತ್ತದೆ. ಅದೇ ಊರಿನ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಡ್ರೌಜಿ ಕೊಟ್ಟರೆ ಒಂದು ಮಚಾಪ್ ಸಿಗುತ್ತದೆ. ನಾರ್ಮಲ್ ಟೈಪಿನ ಮಿಲ್‌ಟ್ಯಾಂಕ್‌ಗೆ ಫೈಟಿಂಗ್ ಏಟೇ ಮದ್ದು. ಸೋತಾಗ ಕನ್ಸೋಲ್ ಬದಿಗಿಡುತ್ತೀರೋ, ಡ್ರೌಜಿ ಹಿಡಿಯಲು ಹುಲ್ಲಿಗೆ ಹೋಗುತ್ತೀರೋ? ಎರಡನೆಯದಾದರೆ ಆ ಕಾಲ ನಿಮ್ಮದು.

ತಡ ಬೇಡ ಎಂದದ್ದಕ್ಕೂ ಕಾರಣವಿದೆ. ಗೋಲ್ಡ್-ಸಿಲ್ವರ್ ಕಾರ್ಟ್ರಿಜ್‌ನಲ್ಲಿ ಗಡಿಯಾರವನ್ನೂ ಸೇವ್ ಅನ್ನೂ ಉಳಿಸುವುದು ಒಳಗೆ ಬೆಸುಗೆ ಹಾಕಿದ ಪುಟ್ಟ ಬ್ಯಾಟರಿ. ಅದು ಸತ್ತರೆ ಸೇವ್ ಉಳಿಯುವುದಿಲ್ಲ. ರೂಬಿ-ಸಫೈರ್‌ನಲ್ಲಿ ಬ್ಯಾಟರಿ ಮುಗಿದರೂ ಸೇವ್‌ಗೆ ಭಯವಿಲ್ಲ, ಗಡಿಯಾರ ನಂಬಿದ ಘಟನೆಗಳು ಮಾತ್ರ ನಿಲ್ಲುತ್ತವೆ. ಹಳೆಯ ಆಟಗಳನ್ನು ಡೌನ್‌ಲೋಡ್ ರೂಪದಲ್ಲಿ ಕೊಳ್ಳಬಹುದಾಗಿದ್ದ 3ಡಿಎಸ್‌ನ ಆನ್‌ಲೈನ್ ಅಂಗಡಿಯೂ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಹಳೆಯ ಕಾರ್ಟ್ರಿಜ್ ಕೊಳ್ಳುವವರು ಬ್ಯಾಟರಿ ಬದಲಿಸಿದ್ದಾರೆಯೇ ಎಂದು ಕೇಳಿಯೇ ದುಡ್ಡು ಕೊಡಿ. ನಕಲಿ ಕಾರ್ಟ್ರಿಜ್‌ಗಳ ಬಗ್ಗೆಯೂ ಎಚ್ಚರವಿರಲಿ.

ಈ ಹತ್ತನ್ನೂ ನನಗೇ ಹಚ್ಚಿ ನೋಡಿದರೆ ನನ್ನ ತೀರ್ಪು ಬ್ಲ್ಯಾಕ್ 2, ವೈಟ್ 2. ಕಥೆಯಿದೆ, ಏಟುಗಳ ಲೆಕ್ಕ ಸರಿಯಿದೆ, ಏಟು ಕಲಿಸುವ ಟಿಎಂ ಒಮ್ಮೆ ಸಿಕ್ಕರೆ ಎಷ್ಟು ಸಲ ಬೇಕಾದರೂ ಬಳಸಬಹುದು, ಹಳೆಯ ಪೊಕೆಮಾನ್‌ಗಳೂ ಆರಂಭದಿಂದಲೇ ಸಿಗುತ್ತವೆ. ನೀವು ಒಪ್ಪಬೇಕಿಲ್ಲ. ನಿಮ್ಮ ಆಯ್ಕೆಯನ್ನು ‘ಮೊದಲು ಆಡಿದ್ದು’ ಎಂಬ ಮಾತು ಬಳಸದೆ ಒಂದೇ ವಾಕ್ಯದಲ್ಲಿ ಸಮರ್ಥಿಸಿಕೊಳ್ಳಿ. ಆ ವಾಕ್ಯ ಸಿಕ್ಕಿತೆಂದರೆ ನಿಮ್ಮ ಕಾಲವೂ ಸಿಕ್ಕಿತು. ಸಿಗಲಿಲ್ಲವೆಂದರೆ ಇನ್ನೊಂದು ಆಟ ಶುರುಮಾಡಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.