ಪೆನ್‌ಡ್ರೈವ್‌ನಲ್ಲಿ ತಂದ ಜ್ಯಾಂಗೊ ಏಕೆ ಓಡುವುದಿಲ್ಲ?

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ದಿಂಡಿಗಲ್ ಸುತ್ತಮುತ್ತ, ಕಾಪ್ಪಿಲಿಯರ್ ಮತ್ತು ಅನುಪ್ಪರ್ ಸಮುದಾಯಗಳ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಓದುಬರಹ ಮಾತ್ರ ತಮಿಳಿನಲ್ಲಿ. ಅಲ್ಲಿಂದ ಬೆಂಗಳೂರಿಗೆ ಬಂದು ನಮ್ಮ ಲಿಪಿ ಕಲಿತ ಕೆಲವು ಎಳೆಯರು ಊರಿನ ಪದಗಳನ್ನು ಕೂಡಿಡಲು ಒಂದು ವೆಬ್‌ಸೈಟ್ ಮಾಡಬೇಕೆನ್ನುತ್ತಾರೆ. ಒಳ್ಳೆಯ ಕೆಲಸ, ತಡಮಾಡದೆ ಆಗಬೇಕಾದ ಕೆಲಸ. ಆದರೆ ಬಹಳ ಜನ ಎಡವುವುದು ಒಂದೇ ಕಡೆ. ದಿಂಡಿಗಲ್‌ನ ಹಾಸ್ಟೆಲಿನಲ್ಲಿ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ತುಂಬಿಕೊಂಡು ಕಂಬಂಗೆ ಒಯ್ಯುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ. ವೆಬ್‌ಸೈಟ್ ಕಟ್ಟಲು ಬಳಸಿದ ಪೈಥಾನ್ ಚೌಕಟ್ಟು ಜ್ಯಾಂಗೊವೇ ಸರಿಯಿಲ್ಲ ಎಂದು ಕೈಚೆಲ್ಲುತ್ತಾರೆ. ತಪ್ಪು ಜ್ಯಾಂಗೊದ್ದಲ್ಲ, ಒಯ್ದ ರೀತಿಯದು.

ಜ್ಯಾಂಗೊ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ. ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಅದನ್ನು ಕಟ್ಟಿದರು. 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಕೋಡ್ ಬಾರದ ಸುದ್ದಿಮನೆಯವರೂ ಮಾಹಿತಿ ತುಂಬಬೇಕಿತ್ತು. ಹಾಗಾಗಿ ಅದರಲ್ಲಿ ಅಡ್ಮಿನ್ ಪುಟ ಸಿದ್ಧವಾಗಿಯೇ ಬರುತ್ತದೆ. ಪದಕೋಶದ ಕೆಲಸಕ್ಕೆ ನಾನು ಇದನ್ನೇ ಹೇಳುವುದು ಆ ಕಾರಣಕ್ಕೆ.

ಕೆಳಗಿನ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಜ್ಯಾಂಗೊ ಎಂದು ಟೈಪಿಸುವಾಗ ಮೊದಲಿಗೆ ‘ಡಿ’ ಇರಲೇಬೇಕು, ಉಚ್ಚಾರಣೆಯಲ್ಲಿ ಅದು ಕೇಳಿಸುವುದಿಲ್ಲ. ಇಲ್ಲಿರುವುದೆಲ್ಲ ವಿಂಡೋಸ್‌ಗೆ.

1. ಪೈಥಾನ್

ಪೈಥಾನ್‌ನ ಅಧಿಕೃತ ತಾಣದಿಂದ 3.12 ಅಥವಾ 3.13 ಆವೃತ್ತಿ ಇಳಿಸಿಕೊಳ್ಳಿ. ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ ‘ಪಾತ್’ಗೆ ಸೇರಿಸಲೇ ಎಂದು ಕೇಳುವ ಚೌಕವಿದೆ. ಅದಕ್ಕೆ ಟಿಕ್ ಹಾಕಿ, ಆಮೇಲೆ ಮುಂದುವರಿಯಿರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪೈಥಾನ್’ ಎಂದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ ಆ ಟಿಕ್ ತಪ್ಪಿದೆ ಎಂದೇ ಲೆಕ್ಕ.

2. ಫೋಲ್ಡರ್

ಡಿ ಡ್ರೈವ್‌ನಲ್ಲಿ ‘ಕಣಿವೆ’ ಎಂಬ ಫೋಲ್ಡರ್ ಮಾಡಿ, ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ಕಮಾಂಡ್ ಪ್ರಾಂಪ್ಟ್ ತೆರೆದು ಆ ಫೋಲ್ಡರಿನೊಳಗೆ ಹೋಗಿ. ಪವರ್‌ಶೆಲ್ ಬೇಡ; ಮುಂದಿನ ಹಂತದಲ್ಲಿ ಸ್ಕ್ರಿಪ್ಟ್ ಓಡಿಸಲು ಅದು ಅನುಮತಿ ನಿರಾಕರಿಸಿ ಹೊಸಬರನ್ನು ಗಾಬರಿಗೊಳಿಸುತ್ತದೆ.

3. ವರ್ಚುವಲ್ ಎನ್ವಿರಾನ್‌ಮೆಂಟ್

ಪೈಥಾನ್ -ಎಂ ವೆನ್ವ್ ಎನ್ವ್
ಎನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್

ಈಗ ಸಾಲಿನ ಮೊದಲಲ್ಲಿ ಕಂಸದೊಳಗೆ ‘ಎನ್ವ್’ ಕಾಣಬೇಕು. ಕಾಣದಿದ್ದರೆ ಅಲ್ಲೇ ನಿಲ್ಲಿ. ಆ ಗುರುತು ಇಲ್ಲದೆ ಏನೇ ಹಾಕಿದರೂ ಅದು ಕಂಪ್ಯೂಟರಿನ ಸಾಮಾನ್ಯ ಪೈಥಾನ್‌ಗೆ ಹೋಗಿ ಸೇರುತ್ತದೆ, ನಿಮ್ಮ ಫೋಲ್ಡರಿಗಲ್ಲ. ಪ್ರಾಂಪ್ಟ್ ಮುಚ್ಚಿ ಮರುದಿನ ತೆರೆದಾಗಲೂ ಆಕ್ಟಿವೇಟ್ ಮತ್ತೆ ಮಾಡಬೇಕು. ಜ್ಯಾಂಗೊ ಎಂಬ ಮಾಡ್ಯೂಲೇ ಇಲ್ಲ ಎಂಬ ದೂರಿನೊಂದಿಗೆ ಬರುವವರಲ್ಲಿ ಹೆಚ್ಚಿನವರು ಇದನ್ನೇ ಮರೆತಿರುತ್ತಾರೆ.

ಇನ್ನು ಪೆನ್‌ಡ್ರೈವ್ ವಿಚಾರ. ‘ಎನ್ವ್’ ಫೋಲ್ಡರನ್ನು ತೆರೆದು ಒಳಗಿರುವ ‘ಪಿವೈವೆನ್ವ್.ಸಿಎಫ್‌ಜಿ’ ಕಡತವನ್ನು ನೋಟ್‌ಪ್ಯಾಡಿನಲ್ಲಿ ನೋಡಿ. ಮೊದಲ ಸಾಲು ‘ಹೋಮ್ =’ ಎಂದು ಶುರುವಾಗಿ, ಸಿ ಡ್ರೈವ್, ಯೂಸರ್ಸ್, ಬಳಕೆದಾರರ ಹೆಸರು, ಪೈಥಾನ್ ಇರುವ ಜಾಗ ಹೀಗೆ ಇಡೀ ದಾರಿ ಬರೆದಿರುತ್ತದೆ. ಅದು ಗೆಳೆಯನ ಲ್ಯಾಪ್‌ಟಾಪಿನ ದಾರಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಆ ಬಳಕೆದಾರನೇ ಇಲ್ಲ, ಆ ಜಾಗದಲ್ಲಿ ಪೈಥಾನೂ ಇಲ್ಲ. ಅಲ್ಲಿ ಪೈಥಾನ್ ಇಲ್ಲವೆಂದು ವಿಂಡೋಸ್ ಹೇಳುವುದು ಅದಕ್ಕೇ. ಆಕ್ಟಿವೇಟ್ ಕಡತದಲ್ಲಿ, ಪ್ಯಾಕೇಜ್ ಹಾಕಿಕೊಡುವ ಪಿಪ್‌ನಲ್ಲಿಯೂ ಇಂಥ ಪೂರ್ತಿ ದಾರಿಯೇ ಕೂತಿರುತ್ತದೆ. ಒಂದು ಸಾಲು ತಿದ್ದಿ ಸರಿಮಾಡುತ್ತೇನೆಂದು ಹೊರಡಬೇಡಿ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಉಳಿಯುತ್ತದೆ. ಅದೇ ಕಂಪ್ಯೂಟರಿನಲ್ಲಿ ಫೋಲ್ಡರಿನ ಹೆಸರು ಬದಲಿಸಿದರೂ ಇದೇ ಪಾಡು. ‘ಎನ್ವ್’ ಎಂಬುದು ಆಯಾ ಕಂಪ್ಯೂಟರಿನಲ್ಲೇ ಹುಟ್ಟಬೇಕು. ಕೆಟ್ಟರೆ ಅಳಿಸಿ ಹೊಸದು ಮಾಡಿ. ನಿಮ್ಮ ಕೋಡ್ ಅದರೊಳಗೆ ಇರುವುದಿಲ್ಲ, ಹಾಗಾಗಿ ನಷ್ಟವೇನೂ ಇಲ್ಲ.

ಹಾಗಾದರೆ ಮನೆಯಲ್ಲಿ ನೆಟ್ ಚೆನ್ನಾಗಿಲ್ಲದವರು ಏನು ಮಾಡಬೇಕು? ಪೆನ್‌ಡ್ರೈವ್ ಬಳಸಿ, ಆದರೆ ಸರಿಯಾದದ್ದನ್ನು ಒಯ್ಯಿರಿ. ನೆಟ್ ಇರುವಲ್ಲಿ ಹೀಗೆ ಕೊಡಿ:

ಪೈಥಾನ್ -ಎಂ ಪಿಪ್ ಡೌನ್‌ಲೋಡ್ ಜ್ಯಾಂಗೊ~=5.2.0 -ಡಿ ಪೆಟ್ಟಿ

‘ಪೆಟ್ಟಿ’ ಎಂಬ ಫೋಲ್ಡರಿನಲ್ಲಿ ಜ್ಯಾಂಗೊ ಮತ್ತು ಅದಕ್ಕೆ ಬೇಕಾದ ಪುಟ್ಟ ಕಡತಗಳು ಬಂದು ಕೂರುತ್ತವೆ. ಜ್ಯಾಂಗೊ ಕಡತವೇ ದೊಡ್ಡದು, ಅದೂ ಸುಮಾರು 8 ಎಂಬಿ. ಪೆಟ್ಟಿಯ ಜೊತೆಗೆ ಪೈಥಾನ್ ಇನ್‌ಸ್ಟಾಲರನ್ನೂ ಹಾಕಿಕೊಳ್ಳಿ. ಎರಡೂ ಕಡೆ ವಿಂಡೋಸ್ ಮತ್ತು ಒಂದೇ ಪೈಥಾನ್ ಆವೃತ್ತಿ ಇದ್ದರೆ ತಕರಾರಿಲ್ಲ. ಮನೆಯಲ್ಲಿ ಹೊಸ ‘ಎನ್ವ್’ ಮಾಡಿ, ಪೆಟ್ಟಿಯನ್ನು ‘ಕಣಿವೆ’ಯೊಳಗೆ ಇಟ್ಟು, ಆಕ್ಟಿವೇಟ್ ಆದ ಮೇಲೆ:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್=ಪೆಟ್ಟಿ ಜ್ಯಾಂಗೊ~=5.2.0

4. ಜ್ಯಾಂಗೊ

ನೆಟ್ ಇದ್ದವರಿಗೆ ಇಷ್ಟು ಸಾಕು:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಜ್ಯಾಂಗೊ~=5.2.0

ಏಪ್ರಿಲ್ 2025ರಲ್ಲಿ ಬಂದ 5.2 ದೀರ್ಘಕಾಲ ಬೆಂಬಲವಿರುವ ಆವೃತ್ತಿ, ಏಪ್ರಿಲ್ 2028ರವರೆಗೆ ಅದಕ್ಕೆ ಸುರಕ್ಷತಾ ತಿದ್ದುಪಡಿ ಸಿಗುತ್ತದೆ. ಮನೆಮಾತಿನ ಪದಕೋಶಕ್ಕೆ ಹೊಚ್ಚಹೊಸತಿನ ಹಿಂದೆ ಓಡುವ ಅಗತ್ಯವಿಲ್ಲ.

5. ಪ್ರಾಜೆಕ್ಟ್

ಜ್ಯಾಂಗೊ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಕಣಿವೆ .
ಪೈಥಾನ್ ಮ್ಯಾನೇಜ್.ಪಿವೈ ಮೈಗ್ರೇಟ್
ಪೈಥಾನ್ ಮ್ಯಾನೇಜ್.ಪಿವೈ ರನ್‌ಸರ್ವರ್

ಮೊದಲ ಸಾಲಿನ ಕೊನೆಯ ಚುಕ್ಕೆ ಅಚ್ಚಿನ ತಪ್ಪಲ್ಲ. ಅದಿಲ್ಲದಿದ್ದರೆ ಫೋಲ್ಡರಿನೊಳಗೊಂದು ಫೋಲ್ಡರ್ ಹುಟ್ಟಿ, ಮುಂದಿನ ಆದೇಶಕ್ಕೆ ಮ್ಯಾನೇಜ್ ಕಡತವೇ ಸಿಗುವುದಿಲ್ಲ. ಬ್ರೌಸರಿನಲ್ಲಿ 127.0.0.1:8000 ತೆರೆಯಿರಿ. ರಾಕೆಟ್ ಚಿತ್ರ ಕಂಡರೆ ಗೆದ್ದಿರಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ.

‘ಸೆಟ್ಟಿಂಗ್ಸ್’ ಕಡತದಲ್ಲಿ ಭಾಷೆಯ ಕೋಡನ್ನು ‘ಕೆಎನ್’ ಎಂದೂ ಸಮಯವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದೂ ಬದಲಿಸಿ. ಅಡ್ಮಿನ್ ಪುಟದ ಬಹಳಷ್ಟು ಪದಗಳು ಕನ್ನಡದಲ್ಲೇ ಕಾಣುತ್ತವೆ. ತಮಿಳು ಓದುವ ಮನೆಯವರು ತುಂಬುವುದಾದರೆ ‘ಟಿಎ’ ಹಾಕಿ, ಸಂಕೋಚ ಬೇಡ. ಮಾತು ಉಳಿಯುವುದು ಮುಖ್ಯ.

6. ಪದಗಳ ಪಟ್ಟಿ

ಪೈಥಾನ್ ಮ್ಯಾನೇಜ್.ಪಿವೈ ಸ್ಟಾರ್ಟ್‌ಆಪ್ ಪದ

ಈ ಆಪ್‌ನ ಹೆಸರನ್ನು ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಗೆ ಸೇರಿಸಿ. ಮಾಡೆಲ್‌ನಲ್ಲಿ ನಾಲ್ಕು ಅಂಕಣ ಸಾಕು: ಕನ್ನಡ ರೂಪ, ತಮಿಳು ರೂಪ, ಅರ್ಥ, ಊರು. ಅರ್ಥಕ್ಕೆ ಟೆಕ್ಸ್ಟ್‌ಫೀಲ್ಡ್, ಉಳಿದವಕ್ಕೆ ಕ್ಯಾರ್‌ಫೀಲ್ಡ್. ಕ್ಯಾರ್‌ಫೀಲ್ಡ್‌ಗೆ ಗರಿಷ್ಠ ಉದ್ದ ಕೊಡುವಾಗ ಜಿಪುಣತನ ಬೇಡ, 200 ಇಡಿ. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ: ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು.

ಆಮೇಲೆ ಮೇಕ್‌ಮೈಗ್ರೇಷನ್ಸ್, ಮೈಗ್ರೇಟ್, ಕ್ರಿಯೇಟ್‌ಸೂಪರ್‌ಯೂಸರ್, ಇದೇ ಕ್ರಮದಲ್ಲಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಪೂರ್ತಿ ಟೈಪಿಸಿ ಎಂಟರ್ ಒತ್ತಿ. ಅಡ್ಮಿನ್ ಕಡತದಲ್ಲಿ ಮಾಡೆಲ್ ರಿಜಿಸ್ಟರ್ ಮಾಡಿ, ಸರ್ವರ್ ಓಡಿಸಿ, ವಿಳಾಸದ ಕೊನೆಗೆ ‘/ಅಡ್ಮಿನ್’ ಸೇರಿಸಿ ಒಳಹೋಗಿ.

ಮೊದಲ ಪದವಾಗಿ ಕಂಬಂನದ್ದನ್ನೇ ತುಂಬಿ. ಅಲ್ಲಿನ ಕಾಪ್ಪಿಲಿಯರು ಸಾಕಿಕೊಂಡು ಬಂದ ದೇವರ ದನಗಳ ಹಿಂಡು ತಮಿಳಿನಲ್ಲಿ ‘ತಂಬಿರಾನ್ ಮಾಡು’, ಅವರ ಕನ್ನಡದಲ್ಲಿ ‘ದೇವರು ಆವು’. ಟೈಪಿಸುವುದು ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ, ಬರಹ ಫಾಂಟ್‌ಗಳ ಬರಹವನ್ನು ಪರಿವರ್ತಿಸದೆ ಅಂಟಿಸಬೇಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಹೆದರಬೇಡಿ, ಬ್ರೌಸರಿನಲ್ಲಿ ಸರಿಯಾಗಿ ಕಾಣುತ್ತದೆ.

7. ಊರಿಗೆಲ್ಲ ತೋರಿಸುವ ಮುನ್ನ

ರನ್‌ಸರ್ವರ್ ಕಲಿಯುವುದಕ್ಕೆ ಮಾತ್ರ, ಸಾರ್ವಜನಿಕ ತಾಣಕ್ಕೆ ಅಲ್ಲ. ಡೀಬಗ್ ‘ಫಾಲ್ಸ್’ ಆಗಲಿ, ಅಲೋಡ್ ಹೋಸ್ಟ್ಸ್‌ನಲ್ಲಿ ನಿಮ್ಮ ವಿಳಾಸ ಇರಲಿ, ಸೀಕ್ರೆಟ್ ಕೀ ಯಾರ ಕೈಗೂ ಸಿಗದಿರಲಿ. ತುಂಬಿದ ಪದಗಳೆಲ್ಲ ‘ಡಿಬಿ.ಎಸ್‌ಕ್ಯೂಲೈಟ್3’ ಎಂಬ ಒಂದೇ ಕಡತದಲ್ಲಿರುತ್ತವೆ. ಸರ್ವರ್ ನಿಲ್ಲಿಸಿ, ವಾರಕ್ಕೊಮ್ಮೆಯಾದರೂ ಅದರ ಪ್ರತಿ ಬೇರೆ ಕಡೆ ತೆಗೆದಿಡಿ. ಕೋಡ್ ಹೋದರೆ ಮತ್ತೆ ಬರೆಯಬಹುದು, ಹಿರಿಯರ ಬಾಯಿಂದ ಕೇಳಿ ಬರೆದುಕೊಂಡದ್ದು ಮತ್ತೆ ಸಿಗುತ್ತದೆಂಬ ಭರವಸೆ ಇಲ್ಲ.