ಸ್ನೇಹವೂ ವ್ಯಾಮೋಹವೂ

ಸಮಾಜವನ್ನು ಶಾಸನವೂ ದಂಡನೆಯೂ ಮಾತ್ರವೇ ಧರಿಸಿಲ್ಲ. ತಂದೆ-ಮಕ್ಕಳ, ಪತಿ-ಪತ್ನಿಯರ, ಬಂಧುಮಿತ್ರರ ನಡುವಣ ಗಾಢವಾದ ಸ್ನೇಹವೇ ಅದರ ಮೂಲಬಂಧನ. ಆದರೆ ಕಟ್ಟುವ ಈ ಸ್ನೇಹವೇ ಕೆಡವಲೂ ಬಲ್ಲದೆಂಬುದನ್ನು ಕುರುವಂಶದ ಕಥೆಯಿಂದ ನಾವು ತಿಳಿಯಬಹುದಾಗಿದೆ.

ತಂದೆಯಾದ ಶಂತನುವಿನ ಕೊರಗನ್ನು ಕಂಡು ದೇವವ್ರತನು ರಾಜ್ಯವನ್ನೂ ವಿವಾಹವನ್ನೂ ತ್ಯಜಿಸಿ ಭೀಷ್ಮನೆನಿಸಿದನು. ಪಿತೃಪ್ರೇಮದ ಈ ಒಂದು ಪ್ರತಿಜ್ಞೆಯಿಂದ ಹಸ್ತಿನಾವತಿಯ ಉತ್ತರಾಧಿಕಾರದ ಕ್ರಮವೇ ಬದಲಾಯಿತು. ಮುಂದೆ ಅದೇ ಸಿಂಹಾಸನವನ್ನು ಧೃತರಾಷ್ಟ್ರನ ಪುತ್ರವ್ಯಾಮೋಹವು ಆವರಿಸಿತು. ದ್ಯೂತದಿಂದ ಅನರ್ಥವಾಗುವುದೆಂದು ವಿದುರನು ಎಚ್ಚರಿಸಿದರೂ ಅರಸನು ಮಗನ ಹಟಕ್ಕೆ ಮಣಿದನು. ಯುದ್ಧಕ್ಕೆ ಮುನ್ನ, ನಿದ್ರೆ ಬಾರದ ರಾತ್ರಿಯಲ್ಲಿ ವಿದುರನಿಂದ ನೀತಿಯನ್ನು ಕೇಳಿ, ಅದೆಲ್ಲವೂ ಯುಕ್ತವೆಂದು ಒಪ್ಪಿದನು. ಆದರೆ ದುರ್ಯೋಧನನನ್ನು ಸೇರಿದೊಡನೆ ತನ್ನ ಬುದ್ಧಿಯು ತಿರುಗಿಬಿಡುವುದೆಂದು ತಾನೇ ಹೇಳಿಕೊಂಡನು. ಅವನಿಗೆ ತಿಳಿವಳಿಕೆಯ ಕೊರತೆಯಿರಲಿಲ್ಲ. ತಿಳಿದುದನ್ನು ಮೋಹವು ನುಂಗಿತು. ಒಂದು ಮನೆಯ ದೌರ್ಬಲ್ಯವು 18 ಅಕ್ಷೌಹಿಣಿ ಸೇನೆಯ ನಾಶಕ್ಕೆ ದಾರಿಯಾಯಿತು.

ಅದೇ ಮಕ್ಕಳ ತಾಯಿಯಾದ ಗಾಂಧಾರಿಯನ್ನು ನೋಡೋಣ. ಅವಳ ವಾತ್ಸಲ್ಯವೇನೂ ಕಡಿಮೆಯದಲ್ಲ. ರಣಭೂಮಿಯಲ್ಲಿ ಅವಳು ಪಟ್ಟ ದುಃಖವನ್ನು ಸ್ತ್ರೀಪರ್ವವು ವರ್ಣಿಸುತ್ತದೆ. ಆ ಶೋಕದಲ್ಲಿ ಶ್ರೀಕೃಷ್ಣನನ್ನೇ ಶಪಿಸಿದ ಅವಳನ್ನು ದೋಷರಹಿತಳೆಂದು ನಾವು ಹೇಳುವುದಿಲ್ಲ. ಆದರೂ ಯುದ್ಧಕ್ಕೆ ಮುನ್ನ ತುಂಬಿದ ಸಭೆಯಲ್ಲಿ ಪತಿಯ ಪುತ್ರಮೋಹವನ್ನು ಅವಳು ಖಂಡಿಸಿದಳು. ಮಗನು ಜಯದ ಆಶೀರ್ವಾದವನ್ನು ಬೇಡಿದಾಗ, ಜಯವು ಧರ್ಮದ ಪಕ್ಷಕ್ಕೇ ಸಲ್ಲುವುದೆಂದಳೇ ಹೊರತು ನಿನಗಾಗಲೆಂದು ಹರಸಲಿಲ್ಲ.

ಹಾಗಾದರೆ ಸ್ನೇಹವನ್ನೇ ತೊರೆಯಬೇಕೆ? ಹಾಗಲ್ಲ. ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲ ಅಧ್ಯಾಯದಲ್ಲಿ ಭಕ್ತಿಯನ್ನೂ ಸ್ನೇಹವೆಂದೇ ನಿರೂಪಿಸಿದ್ದಾರೆ. ಆದರೆ ಭಗವಂತನ ಮಹಿಮೆಯ ಅರಿವು ಅದಕ್ಕೆ ಮೊದಲಿರಬೇಕು. ಅದು ಉಳಿದೆಲ್ಲ ಪ್ರೀತಿಗಿಂತ ಮಿಗಿಲಾಗಿಯೂ ದೃಢವಾಗಿಯೂ ಇರಬೇಕು. ಅಂದರೆ ಪ್ರೀತಿಯಲ್ಲಿಯೂ ತಾರತಮ್ಯವುಂಟು. ಹರಿಯಲ್ಲಿಟ್ಟ ಪ್ರೀತಿಯ ಅಧೀನವಾಗಿ ನಿಂತ ಮಕ್ಕಳ ಪ್ರೀತಿಯು ಮನೆಯನ್ನು ಬೆಳಗುತ್ತದೆ. ಅದನ್ನು ಮೀರಿದರೆ ವ್ಯಾಮೋಹವಾಗುತ್ತದೆ.

ನಮ್ಮ ಮನೆಗಳಲ್ಲಿ ಸಿಂಹಾಸನವಿಲ್ಲ. ಆದರೆ ಆಸ್ತಿಯನ್ನು ಹಂಚುವಾಗ, ಮಗನ ತಪ್ಪನ್ನು ಮುಚ್ಚುವಾಗ, ಮಗಳಿಗೊಂದು ಸೊಸೆಗೊಂದು ನ್ಯಾಯವನ್ನು ಮಾಡುವಾಗ ಧೃತರಾಷ್ಟ್ರನು ನಮ್ಮೊಳಗೇ ಬಂದು ಕುಳಿತಿರುತ್ತಾನೆ. ಆಗ ವಿದುರನಂತೆ ನುಡಿಯುವ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಅವರ ಮಾತನ್ನು ಒಪ್ಪಿದರಷ್ಟೇ ಸಾಲದು. ಮಕ್ಕಳು ಎದುರಿಗೆ ಬಂದಾಗಲೂ ಅದರಂತೆ ನಡೆಯುವ ಧೈರ್ಯವನ್ನು ಶ್ರೀಹರಿಯಲ್ಲಿ ಬೇಡೋಣ.

ಶ್ರೀಕೃಷ್ಣಾರ್ಪಣಮಸ್ತು.