ಗೋಡೆಯೊಳಗಿನ ತಂತಿ ಮತ್ತು ಬ್ರಾಡ್‌ಬ್ಯಾಂಡಿನ ವೇಗ

ಶ್ರೀಕೃಷ್ಣಪಾರಿಜಾತ ಬಯಲಾಟದ ತಮ್ಮಣ್ಣನಿಂದಾಗಿ ರಸಿಕಲೋಕಕ್ಕೆ ಪರಿಚಿತವಾದ ಕುಲಗೋಡದಲ್ಲಾಗಲಿ, ಸುತ್ತಲಿನ ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಇತರ ಊರುಗಳಲ್ಲಾಗಲಿ, ತಾಮ್ರದ ದೂರವಾಣಿ ತಂತಿಯಿಂದಲೇ ಅಂತರ್ಜಾಲವನ್ನು ಪಡೆಯುವ ಗೃಹಸ್ಥನು ವೇಗವು ಕುಂದಿದಾಗಲೆಲ್ಲ ಎಕ್ಸ್‌ಚೇಂಜನ್ನು ದೂರುವುದು ಲೋಕರೂಢಿಯಾಗಿದೆ. ಆ ದೂರು ಎಷ್ಟೋ ಸಲ ನ್ಯಾಯವಾದುದೇ ಹೌದು. ಆದರೆ ಅಷ್ಟೇ ಸಲ ದೋಷದ ಮೂಲವು ಆತನ ಪಡಸಾಲೆಯ ಗೋಡೆಯಲ್ಲಿ, ತಂತಿಯ ಮೊದಲ ಪೆಟ್ಟಿಗೆಯಿಂದ ಒಳಗೆ, ಹಲವು ವರ್ಷಗಳಲ್ಲಿ ಹಲವು ಕೈಗಳು ಜೋಡಿಸಿದ ಕವಲುಗಳಲ್ಲಿ ಅಡಗಿರುತ್ತದೆ. ಭಾರತ ಸಂಚಾರ ನಿಗಮವು ಡೇಟಾಒನ್ ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡನ್ನು ಆರಂಭಿಸಿದ್ದು 2005ರ ಜನವರಿಯಲ್ಲಿ. ನಮ್ಮ ಅನೇಕ ಮನೆಗಳ ತಂತಿಯಾದರೋ ಅದಕ್ಕಿಂತ ಮೊದಲೇ, ಕೇವಲ ಮಾತಿಗಾಗಿ, ಎಳೆದದ್ದು.

ಮಾತಿಗೂ ಬ್ರಾಡ್‌ಬ್ಯಾಂಡಿಗೂ ಇರುವ ಅಂತರವನ್ನು ಮೊದಲು ಗ್ರಹಿಸಬೇಕು. ದೂರವಾಣಿಯ ಧ್ವನಿಗೆ 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳು ಸಾಕು; ಅದೇ ಜೋಡಿತಂತಿಯ ಮೇಲೆ ಸಾಗುವ ಎಡಿಎಸ್ಎಲ್ ಬ್ರಾಡ್‌ಬ್ಯಾಂಡಾದರೋ ಸುಮಾರು 26 ಸಾವಿರ ಹರ್ಟ್ಸ್‌ನಿಂದ 11 ಲಕ್ಷದವರೆಗೆ, ಅದರ ಮುಂದಿನ ರೂಪವಾದ ಎಡಿಎಸ್ಎಲ್ 2 ಪ್ಲಸ್ಸಿನಲ್ಲಿ 22 ಲಕ್ಷದವರೆಗೆ, ಹರಡಿಕೊಂಡಿರುತ್ತದೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಕೂಡ ಈ ಹರವಿನೊಳಗೇ ಬರುತ್ತದೆಂಬುದನ್ನು ನೆನೆದರೆ, ಮನೆಯ ತುಂಬ ಹರಿದಾಡುವ ಚಪ್ಪಟೆ ತಂತಿಯು ಹೇಗೆ ತಾನೇ ಒಂದು ಆಂಟೆನಾ ಆಗಿ ಬೇಡದ ಸದ್ದನ್ನೆಲ್ಲ ಸಂಗ್ರಹಿಸಬಲ್ಲದೆಂಬುದು ವಿಶದವಾಗುತ್ತದೆ. ಆದುದರಿಂದ “ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ತಂತಿ ಸರಿಯಾಗಿಯೇ ಇದೆ” ಎಂಬ ವಾದವು ನಿಲ್ಲತಕ್ಕದ್ದಲ್ಲ.

ಕೈಗೆ ತಿರುಪುಳಿ ಬರುವುದಕ್ಕೆ ಮುನ್ನ ಕಾಗದವೂ ಲೇಖನಿಯೂ ಬರಲಿ. ಗಣಕದಲ್ಲಿ ಮೋಡೆಮಿನ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಎಂಬುದನ್ನು, ತೆರೆದು, ಅದರ ಸ್ಥಿತಿವಿವರದ ಪುಟದಲ್ಲಿ ಎರಡು ಅಂಕಿಗಳನ್ನು ಹುಡುಕಿ ಬರೆದಿಟ್ಟುಕೊಳ್ಳತಕ್ಕದ್ದು. ಒಂದು ಅಟೆನ್ಯುಯೇಷನ್, ಎಂದರೆ ಎಕ್ಸ್‌ಚೇಂಜಿನಿಂದ ಮನೆಯವರೆಗಿನ ದಾರಿಯಲ್ಲಿ ಸಂಕೇತವು ಕ್ಷಯಿಸಿದ ಪ್ರಮಾಣ. ಇನ್ನೊಂದು ಎಸ್‌ಎನ್‌ಆರ್ ಮಾರ್ಜಿನ್, ಎಂದರೆ ಗದ್ದಲವನ್ನು ಮೀರಿ ಸಂಕೇತಕ್ಕೆ ಉಳಿದಿರುವ ಅವಕಾಶ. ಎರಡನೆಯದು 6 ಡೆಸಿಬೆಲ್ಲಿಗಿಂತ ಕೆಳಗಿಳಿದರೆ ಸಂಪರ್ಕವು ಪದೇ ಪದೇ ಕಡಿಯುವುದು. 10ಕ್ಕೆ ಮೇಲಿದ್ದರೆ ನೆಮ್ಮದಿ. ಮೊದಲನೆಯದು ಬಹುಮಟ್ಟಿಗೆ ದೂರದ ಫಲ. ಅರ್ಧ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಕಿಲೋಮೀಟರಿಗೆ ಸುಮಾರು 14 ಡೆಸಿಬೆಲ್ ಕ್ಷಯಿಸುವುದರಿಂದ, ಎಕ್ಸ್‌ಚೇಂಜಿಗೆ ನಾಲ್ಕು ಕಿಲೋಮೀಟರ್ ದೂರದ ತೋಟದ ಮನೆಯವರು ಒಳಗಿನ ತಂತಿಯನ್ನು ಎಷ್ಟೇ ತಿದ್ದಿದರೂ ಪಟ್ಟಣದ ವೇಗವನ್ನು ಅಪೇಕ್ಷಿಸಲಾಗದು.

ಮುಂದಿನದು ನಿರ್ಣಾಯಕ ಪರೀಕ್ಷೆ. ಇದೊಂದನ್ನೇ ಮಾಡಿ ನಿಲ್ಲಿಸಿದರೂ ಲೇಖನದ ಮುಕ್ಕಾಲು ಪ್ರಯೋಜನ ದೊರೆತಂತೆ. ಕಂಬದ ಡಿಪಿ (ವಿತರಣಾ) ಪೆಟ್ಟಿಗೆಯಿಂದ ಬರುವ ಡ್ರಾಪ್ ವೈರು ಮನೆಯೊಳಗೆ ಮೊಟ್ಟಮೊದಲು ಮುಟ್ಟುವ ರೋಸೆಟ್ಟನ್ನು, ಎಂದರೆ ಗೋಡೆಯ ಪೆಟ್ಟಿಗೆಯನ್ನು, ಪತ್ತೆಹಚ್ಚಿ, ಅಲ್ಲಿಂದ ಮುಂದಕ್ಕೆ ಹೋಗುವ ಒಳತಂತಿಗಳನ್ನೆಲ್ಲ, ಯಾವುದು ಎಲ್ಲಿತ್ತೆಂದು ಗುರುತಿಟ್ಟುಕೊಂಡು, ಬಿಡಿಸಿ, ಮೋಡೆಮನ್ನು ನೇರವಾಗಿ ಅಲ್ಲಿಗೇ ಜೋಡಿಸಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಎರಡು ಅಂಕಿಗಳನ್ನು ಮತ್ತೆ ಓದಬೇಕು. ಮಾರ್ಜಿನ್ನು ಗಮನಾರ್ಹವಾಗಿ ಏರಿದರೆ ರೋಗವು ಮನೆಯೊಳಗಿನದು. ಏರದಿದ್ದರೆ ಹೊರಗಿನದು, ಆಗ ಲೈನ್‌ಮನ್ನನಿಗೆ ಬರೆದಿಟ್ಟ ಅಂಕಿಗಳನ್ನು ತೋರಿಸಿ ಮಾತಾಡಬಹುದು. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ನಮ್ಮ ಎರೆಭೂಮಿಯಲ್ಲಿ ಹೂತ ಕೇಬಲ್ಲಿನ ಜೋಡಣೆಗಳು ಸಡಿಲಗೊಳ್ಳುವುದು ಅಸಂಭವವೇನಲ್ಲ. ಒಂದು ಎಚ್ಚರಿಕೆ: ತಂತಿಯಲ್ಲಿ ಸದಾ 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತು ಬರುತ್ತದೆ. ಪ್ರಾಣಾಪಾಯವು ವಿರಳವಾದರೂ ಒದ್ದೆ ಕೈಯಿಂದ ಮುಟ್ಟತಕ್ಕದ್ದಲ್ಲ; ಡ್ರಾಪ್ ವೈರಿನ ತಂಟೆಗಂತೂ ಹೋಗಲೇಕೂಡದು.

ರೋಗವು ಒಳಗಿನದೆಂದು ಸಿದ್ಧವಾದ ಮೇಲೆ ಚಿಕಿತ್ಸೆ. ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿಯಲ್ಲಿ ಲೈನ್, ಫೋನ್, ಮೋಡೆಮ್ ಎಂಬ ಮೂರು ರಂಧ್ರಗಳಿರುವುದಷ್ಟೆ. ಅದನ್ನು ಮೊದಲ ರೋಸೆಟ್ಟಿನ ಬಳಿಯೇ ಇಟ್ಟು, ಮನೆಯ ಸಕಲ ಫೋನುಗಳೂ, ಮಹಡಿಯದಾಗಲಿ, ಪಕ್ಕದ ಅಂಗಡಿಯದಾಗಲಿ, ಕಾರ್ಡ್‌ಲೆಸ್ ಆಗಲಿ, ಹಳೆಯ ಕಾಲರ್ ಐಡಿ ಪೆಟ್ಟಿಗೆಯಾಗಲಿ, ಅದರ ಫೋನ್ ರಂಧ್ರದ ಹಿಂದೆಯೇ ಬರುವಂತೆ ಮಾಡಬೇಕು. ಸ್ಪ್ಲಿಟರಿಗೆ ಮುಂಚೆಯೇ ಕವಲೊಡೆದ ಪ್ಯಾರಲಲ್ ಫೋನೊಂದು ಇಡೀ ವ್ಯವಸ್ಥೆಯನ್ನು ಕೆಡಿಸಲು ಸಾಕು.

ಯಾರೂ ಬಳಸದ ಕವಲುಗಳು ಇನ್ನೂ ಹೆಚ್ಚು ಕಪಟಿಗಳು. ಘಟಪ್ರಭಾ ಕಾಲುವೆಯ ಮುಚ್ಚಿದ ತೂಬಿಗೆ ಬಡಿದ ಅಲೆಯು ಹಿಂದಿರುಗಿ ಬಂದು ಎದುರಿನ ಅಲೆಯನ್ನು ಕಲಕುವಂತೆ, ತುದಿಯಲ್ಲಿ ಏನೂ ಇಲ್ಲದ ತಂತಿಯೊಳಗೆ ಹೊಕ್ಕ ಸಂಕೇತವು ಪ್ರತಿಫಲಿಸಿ ಬಂದು ಮೂಲಸಂಕೇತವನ್ನು ಕೆಲವು ಕಂಪನಗಳಲ್ಲಿ ಅಳಿಸಿಬಿಡುತ್ತದೆ. ಲೆಕ್ಕವು ಸರಳ: ತಂತಿಯಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ಸಾಗುವುದರಿಂದ 50 ಮೀಟರಿನ ಕವಲು 10 ಲಕ್ಷ ಹರ್ಟ್ಸ್‌ನ ಆಸುಪಾಸನ್ನೂ, 25 ಮೀಟರಿನದು 20 ಲಕ್ಷದ ಆಸುಪಾಸನ್ನೂ ನುಂಗುತ್ತದೆ. ಅಂಥ ಕವಲನ್ನು ದೂರದ ತುದಿಯಲ್ಲಿ ಕತ್ತರಿಸಿದರೆ ಫಲವಿಲ್ಲ. ಅದು ಹುಟ್ಟುವಲ್ಲಿಯೇ ಬಿಡಿಸಬೇಕು. ಇಂಗ್ಲೆಂಡಿನ ಮನೆಗಳಲ್ಲಿ ಗಂಟೆಗೆಂದೇ ಮೂರನೆಯ ತಂತಿಯೊಂದಿದ್ದು, ಅದನ್ನು ಕಳಚಿದ ಮಾತ್ರಕ್ಕೆ ವೇಗವು ಹೆಚ್ಚುವುದುಂಟು. ನಮ್ಮಲ್ಲಿ ಗಂಟೆಯೂ ಎರಡೇ ತಂತಿಗಳ ಮೇಲೆ ಬರುವುದರಿಂದ ಆ ಉಪಾಯವು ಇಲ್ಲಿ ಸಲ್ಲದಾದರೂ, ನಾಲ್ಕೆಳೆಯ ಕೇಬಲ್ಲಿನ ನಿರುಪಯೋಗಿ ಎಳೆಗಳನ್ನು ಯಾರಾದರೂ ತಿರುಪಿಗೆ ಸಿಕ್ಕಿಸಿಟ್ಟಿದ್ದರೆ ಬಿಡಿಸಿಬಿಡಿ.

ಉಳಿದ ತಂತಿಯನ್ನು ಸಾಧ್ಯವಾದರೆ ಹುರಿಗೂಡಿಸಿದ ಜೋಡಿತಂತಿಗೆ ಬದಲಿಸುವುದು ಉಚಿತ. ಎರಡೆಳೆಗಳನ್ನು ಪರಸ್ಪರ ತಿರುಚಿದರೆ ಹೊರಗಿನ ಪ್ರೇರಣೆಯು ಎರಡರಲ್ಲಿಯೂ ಸಮವಾಗಿ ಬಿದ್ದು ರದ್ದಾಗುವ ಈ ತಂತ್ರಕ್ಕೆ ಗ್ರಹಾಂ ಬೆಲ್ 1881ರಷ್ಟು ಹಿಂದೆಯೇ ಹಕ್ಕುಪತ್ರ ಪಡೆದಿದ್ದನು. ಹಸಿರುಗಟ್ಟಿದ ತುದಿಯನ್ನು ಒರೆಸುತ್ತ ಕೂಡದೆ ಕತ್ತರಿಸಿ, ಹೊಸ ತಾಮ್ರವನ್ನು ಬಿಡಿಸಿ ತಿರುಪಿಗೆ ಬಿಗಿಯಿರಿ. ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಗಂಟುಗಳು ಒಂದೆರಡು ಮಳೆಗಾಲಗಳಲ್ಲಿಯೇ ಕೈಕೊಡುತ್ತವೆ. ಕರೆಂಟಿನ ಪೈಪಿನೊಳಗೆ ದೂರವಾಣಿ ತಂತಿಯನ್ನು ತೂರಿಸಬಾರದು. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು.

ಈ ಸೀಮೆಯ ಹಳೆಯ ಮನೆಗಳಿಗೆ ವಿಶೇಷವಾದ ಕಷ್ಟವೊಂದಿದೆ. ಮಣ್ಣು ಕಲ್ಲುಗಳ ದಪ್ಪ ಗೋಡೆಗಳನ್ನು ವೈಫೈ ಭೇದಿಸಲಾರದ್ದರಿಂದ, ಮೋಡೆಮನ್ನೇ ಒಳಕೋಣೆಗೆ ಒಯ್ಯಲು ದೂರವಾಣಿ ತಂತಿಯನ್ನು ಉದ್ದಮಾಡುವುದು ವಾಡಿಕೆ. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಅವಿವೇಕ. ಮೋಡೆಮು ಮೊದಲ ರೋಸೆಟ್ಟಿನ ಬಳಿಯೇ ಇರಲಿ. ಅಲ್ಲಿಂದ ಒಳಕೋಣೆಗೆ ಲ್ಯಾನ್ ಕೇಬಲ್ಲನ್ನು ಎಳೆಯಿರಿ. ಅದು 100 ಮೀಟರಿನವರೆಗೆ ವೇಗವನ್ನು ಕುಂದಿಸದೆ ಒಯ್ಯುತ್ತದೆ. ಅದರ ತುದಿಗೆ ಇನ್ನೊಂದು ವೈಫೈ ರೂಟರನ್ನಿಟ್ಟರಾಯಿತು.

ಬೇಸಗೆಯ ಗುಡುಗುಮಳೆ ಎದ್ದಾಗ ಮೋಡೆಮಿನ ಕರೆಂಟಿನ ಪ್ಲಗ್ಗನ್ನೂ ದೂರವಾಣಿ ತಂತಿಯನ್ನೂ ಎರಡನ್ನೂ ಕಳಚಿಡಿ.

ಫೈಬರಿಗೆ ಬದಲಾದ ಮನೆಗಳಲ್ಲಿ ತಾಮ್ರದ ದೋಷಗಳೆಲ್ಲ ಬ್ರಾಡ್‌ಬ್ಯಾಂಡಿಗೆ ಅಪ್ರಸ್ತುತವಾದರೂ, ಫೋನು ಮಾತ್ರ ಈಗ ಫೈಬರ್ ಮೋಡೆಮಿನ ಫೋನ್ ರಂಧ್ರದಿಂದ ಬರುತ್ತದೆ. ಅದರಿಂದ ಗೋಡೆಯ ಹಳೆಯ ರೋಸೆಟ್ಟುಗಳನ್ನೂ ಬಳಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಹಾಗೆ ಜೋಡಿಸುವ ಮೊದಲು ಹೊರಗಿನಿಂದ ಬರುವ ಹಳೆಯ ಡ್ರಾಪ್ ವೈರನ್ನು ಮೊದಲ ರೋಸೆಟ್ಟಿನಿಂದ ಲೈನ್‌ಮನ್ನನ ಕೈಯಿಂದಲೇ ಪೂರ್ತಿಯಾಗಿ ಬಿಡಿಸತಕ್ಕದ್ದು. ಎಕ್ಸ್‌ಚೇಂಜಿನ 48 ವೋಲ್ಟು ಅದರಲ್ಲಿ ಇನ್ನೂ ಉಳಿದಿದ್ದರೆ ಹೊಸ ಮೋಡೆಮಿನ ಫೋನ್ ರಂಧ್ರವು ಸುಟ್ಟುಹೋಗಬಹುದು.